ದುರ್ಗದ ಬೈಲಿನ ಚಾಕು ಅಂಗಡಿ: ಕೇಳಿದವರಿಗೆಲ್ಲ ಕೊಡುವುದಿಲ್ಲ, ಅದಕ್ಕೇ ಇಷ್ಟ

ಅವ್ವನ ಈಳಿಗೆ ಮೊಂಡಾಗಿ ತಿಂಗಳಾಗಿತ್ತು. ಅದಕ್ಕೆ ಸಾಣೆ ಹಿಡಿಸಿ, ಜೊತೆಗೆ ತರಕಾರಿಗೆ ಒಂದು ಚಾಕು ತರೋಣ ಅಂತ ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರ ಇರುವ ಸಣ್ಣ ಅಂಗಡಿಗೆ ಹೋಗಿದ್ದೆ. ಚಾಕು, ಕುಡುಗೋಲು, ಕುರ್ಪಿ, ಕೊಡಲಿ ಎಲ್ಲಾ ಸಿಗುತ್ತವೆ.

ಮೊದಲು ಮಾಲಿನ ಬಗ್ಗೆ. ಚಾಕುವಿಗೆ 180 ರೂಪಾಯಿ. ಆರು ತಿಂಗಳಾಯ್ತು, ಹಣ್ಣು ಟೊಮೆಟೊ ಕೂಡ ಕಿವುಚದೆ ಹೆಚ್ಚುತ್ತದೆ. ನಡುವೆ ಹಿಡಿ ಸ್ವಲ್ಪ ಸಡಿಲಾಯ್ತು, ಒಯ್ದು ಕೊಟ್ಟರೆ ಅಲ್ಲೇ ಬಡಿದು ಗಟ್ಟಿ ಮಾಡಿದರು, ದುಡ್ಡು ತಗೊಳ್ಳಲಿಲ್ಲ. ಸಾಣೆ ಕೆಲಸವೂ ಚೆನ್ನಾಗಿದೆ. ಆದರೆ ಸಂಜೆ ರಶ್ ಜಾಸ್ತಿ, ಅರ್ಧ ಗಂಟೆ ನಿಲ್ಲಬೇಕು.

ನಾನು ಇದನ್ನು ಬರೆಯುತ್ತಿರುವುದು ಆ ಅರ್ಧ ಗಂಟೆಯಲ್ಲಿ ಕಂಡದ್ದಕ್ಕೆ. ಇಬ್ಬರು ಬಂದರು, ಇಬ್ಬರೂ ಕುಡಿದಿದ್ದರು, ವಾಸನೆ ನನ್ನವರೆಗೂ ಬರುತ್ತಿತ್ತು. ಒಬ್ಬ ಉದ್ದನೆಯ ಚಾಕು ತೋರಿಸಿ ರೇಟು ಕೇಳಿದ. ಅಂಗಡಿಯ ಕಾಕಾ ಅದನ್ನು ಮೊಳೆಯಿಂದ ತೆಗೆದು ತಮ್ಮ ಬೆನ್ನ ಹಿಂದೆ ಇಟ್ಟುಕೊಂಡರು. "ಇವತ್ತ ಕೊಡಂಗಿಲ್ಲ. ಮುಂಜಾನೆ ಬರ್ರಿ." ಅವನು ನೋಟು ತೆಗೆದು ಮುಖದ ಮುಂದೆ ಹಿಡಿದ, ಜೋರು ಮಾಡಿದ. ಕಾಕಾ ದನಿ ಏರಿಸಲಿಲ್ಲ, ಅದೇ ಮಾತನ್ನು ಇನ್ನೊಂದು ಸಲ ಹೇಳಿದರು. ಕೊನೆಗೆ ಜೊತೆಗಿದ್ದವನೇ ಅವನ ತೋಳು ಹಿಡಿದು ಕರೆದುಕೊಂಡು ಹೋದ.

"ಹಿಂಗ ಗಿರಾಕಿ ಬಿಟ್ರ ಹೆಂಗ್ರಿ ಕಾಕಾ?" ಅಂದೆ. "ಸಣ್ಣ ಹುಡುಗ್ರು ಬಂದ್ರೂ ಅಷ್ಟರಿ, ಮನ್ಯಾಗಿನ ಹಿರೇರನ್ನ ಕರ್ಕೊಂಡು ಬಾ ಅಂತೀನಿ" ಅಂದರು, ಅವ್ವನ ಈಳಿಗೆಯನ್ನು ಚಕ್ರಕ್ಕೆ ಹಿಡಿಯುತ್ತಾ.

ನಮ್ಮ ಊರಿಗೆ ಇದು ಸಣ್ಣ ಮಾತಲ್ಲ. 2024ರ ಏಪ್ರಿಲ್, ಮೇನಲ್ಲಿ, ಒಂದು ತಿಂಗಳು ತುಂಬುವುದರೊಳಗೆ, ಹುಬ್ಬಳ್ಳಿಯಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಚಾಕುವಿನಿಂದ ಇರಿದು ಕೊಂದರು. ಆಗಿನಿಂದ ತಂಗಿ ಕಾಲೇಜಿನಿಂದ ಬರುವುದು ತಡವಾದರೆ ಅವ್ವ ಬಾಗಿಲಲ್ಲೇ ನಿಂತಿರುತ್ತಾಳೆ.

ಕಾನೂನು ಇದೆ ಅಲ್ವಾ ಅನ್ನಬಹುದು. ಇದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಇರುವ ಚಾಕು ಆಯುಧ ಅಂತ ಬರುತ್ತದೆ, ಆದರೆ ಮನೆಗೆ, ಹೊಲಕ್ಕೆ ಅಂತ ಮಾಡಿದ್ದಕ್ಕೆ ವಿನಾಯಿತಿ. ಅದು ಬೇಕೇ ಬೇಕು, ಇಲ್ಲದಿದ್ದರೆ ರೈತ ಕುಡುಗೋಲು ಎಲ್ಲಿಂದ ತರಬೇಕು? ಆದರೆ ಆ ಪಟ್ಟಿ ಅಳೆಯುವುದು ಅಲಗನ್ನು, ಕೊಳ್ಳುವವನ ಸ್ಥಿತಿಯನ್ನಲ್ಲ. ಇಂಗ್ಲೆಂಡಿನಲ್ಲಿ 2006ರ ಒಂದೇ ಕಾನೂನಿನಲ್ಲಿ ಚಾಕು ಕೊಳ್ಳುವ ವಯಸ್ಸನ್ನು 16ರಿಂದ 18ಕ್ಕೆ ಏರಿಸಿದರು, ಕುಡಿದು ಗಲಾಟೆ ಮಾಡುವವರು ಪಬ್‌ಗಳಿಗೆ ಕಾಲಿಡದಂತೆ ತಡೆಯುವ ಅಧಿಕಾರವನ್ನೂ ಕೋರ್ಟಿಗೆ ಕೊಟ್ಟರು. ಕುಡಿತ, ಚಾಕು ಎರಡನ್ನೂ ಒಟ್ಟಿಗೆ ನೋಡಿದ್ದು ಸರಿ ಅಂತ ಆ ಸಂಜೆ ನೋಡಿದ ಮೇಲೆ ನನಗೆ ಅನ್ನಿಸಿತು. ಮಾರುವವನೂ ಜವಾಬ್ದಾರ ಅನ್ನುವ ನಿಯಮ ನಮ್ಮಲ್ಲೂ ಬರಬೇಕು.

ಇದೇ ಥರದ ಚಾಕು ಆನ್‌ಲೈನ್‌ನಲ್ಲಿ 40 ರೂಪಾಯಿ ಕಡಿಮೆಗೆ ಇತ್ತು. ಅಲ್ಲಿ ಯಾರೂ ಮುಖ ನೋಡುವುದಿಲ್ಲ. ಕಾಕಾ ನೋಡುತ್ತಾರೆ, ಆಮೇಲೆ ಅಲಗಿಗೆ ಹಳೇ ಪೇಪರ್ ಸುತ್ತಿ, ಮೇಲೆ ರಟ್ಟು ಇಟ್ಟು, ದಾರ ಕಟ್ಟಿ ಕೊಡುತ್ತಾರೆ. ಸಾಣೆ ಹಿಡಿಸಲು ಮನೆಯಲ್ಲಿ ಇನ್ನೆರಡು ಕುಡುಗೋಲು ಇವೆ, ಮುಂದಿನ ವಾರ ಅಲ್ಲಿಗೇ ಒಯ್ಯುತ್ತೇನೆ. ಹೋಗುವವರು ಮುಂಜಾನೆ ಹೋಗಿ, ರಶ್ ಇರಲ್ಲ.