ನಂದಿಯ ತಿರುವಿಗೆ, ಬಾಗೇಪಲ್ಲಿಯ ಬಿಸಿಲಿಗೆ: ಐದು ಬಗೆಯ ಬೈಕ್ ಬೂಟುಗಳ ಹೋಲಿಕೆ

ಚಿಕ್ಕಬಳ್ಳಾಪುರದಿಂದ ಬೈಕ್ ಹತ್ತಿ ಹೊರಟರೆ ಅರ್ಧ ದಿನದಲ್ಲೇ ಮೂರು ಥರದ ರಸ್ತೆ ಕಾಲಿಗೆ ಸಿಗುತ್ತದೆ. ನಂದಿ ಬೆಟ್ಟದ ತಿರುವುಗಳಲ್ಲಿ ಬೆಳಗಿನ ಮಂಜು, ಒದ್ದೆ ಟಾರು. 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಪೆರೇಸಂದ್ರ ದಾಟಿ ಬಾಗೇಪಲ್ಲಿಯತ್ತ ಲಾರಿಗಳ ಪಕ್ಕದಲ್ಲಿ ವೇಗದ ಓಟ. ಗುಡಿಬಂಡೆ ಕಡೆ ತಿರುಗಿದರೆ ಜಲ್ಲಿ ಎದ್ದ ಹಳ್ಳಿ ರಸ್ತೆ. ಸುಗ್ಗಿಯಲ್ಲಿ ಅದರ ಮೇಲೆ ಒಕ್ಕಣೆಗೆ ಹರಡಿದ ರಾಗಿ, ಹುರುಳಿ. ಏಪ್ರಿಲ್–ಮೇ ತಿಂಗಳಲ್ಲಿ ಉರಿಬಿಸಿಲು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮಳೆ, ಕೆಮ್ಮಣ್ಣಿನ ಕೆಸರು. ಇಷ್ಟಕ್ಕೂ ಒಂದೇ ಜೊತೆ ಬೂಟು ಕೊಳ್ಳುವವರೇ ಹೆಚ್ಚು. ಈ ರಸ್ತೆಗಳಲ್ಲಿ ಹಾಕಿ ನೋಡಿದ ಐದು ಬಗೆಯನ್ನು ಇಲ್ಲಿ ಎದುರುಬದುರು ಇಟ್ಟಿದ್ದೇನೆ: ಪಾದದ ಗಂಟು (ಆ್ಯಂಕಲ್) ಮುಚ್ಚುವ ಗಿಡ್ಡ ರೈಡಿಂಗ್ ಶೂ, ಮೀನಖಂಡದವರೆಗೆ ಬರುವ ಟೂರಿಂಗ್ ಬೂಟು, ಬಕಲ್ ಇರುವ ಅಡ್ವೆಂಚರ್ ಬೂಟು, ಮೋಟೊಕ್ರಾಸ್ ಬೂಟು, ಮತ್ತೆ ಬೈಕಿಗೆಂದು ಮಾಡದಿದ್ದರೂ ಬಹಳ ಜನ ಬೈಕಿನ ಮೇಲೆ ಹಾಕುವ ಸೇಫ್ಟಿ ಶೂ.

ಕಾಲಿಗೆ ಪೆಟ್ಟು ಹೇಗೆ ಬೀಳುತ್ತದೆ

ಬೈಕ್ ಜಾರಿ ಪಕ್ಕಕ್ಕೆ ಮಲಗಿದಾಗ ಕೆಳಗಿನ ಕಾಲು ಬೈಕಿಗೂ ರಸ್ತೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಕ್ಲಾಸಿಕ್ 350 ಸುಮಾರು 195 ಕಿಲೊ, ಸ್ಪ್ಲೆಂಡರ್ ಕೂಡ 110 ಕಿಲೊ ದಾಟುತ್ತದೆ. ಆ ಭಾರ ಪಾದವನ್ನು ಅಡ್ಡಕ್ಕೆ ಹಿಚುಕುತ್ತದೆ, ಬೈಕ್ ಇನ್ನೂ ಸರಿಯುತ್ತಿದ್ದರೆ ಗಂಟಿನಲ್ಲಿ ತಿರುಚುತ್ತದೆ. ಗಂಟಿನ ಎರಡೂ ಬದಿಗೆ ಉಬ್ಬಿರುವ ಮೂಳೆಯ ಮೇಲೆ ಮಾಂಸವಿಲ್ಲ, ಅದು ಟಾರಿಗೆ ಉಜ್ಜಿದರೆ ಚರ್ಮದ ಕೆಳಗೆ ನೇರ ಮೂಳೆಯೇ. ಬೆರಳುಗಳ ಮೇಲೆ ಮೇಲಿನಿಂದ ಭಾರ ಬೀಳುವುದು ಇವೆಲ್ಲಕ್ಕಿಂತ ಅಪರೂಪ. ಅದಕ್ಕೇ ಬೂಟು ನೋಡುವಾಗ ಮೊದಲು ಗಂಟು, ಆಮೇಲೆ ಅಟ್ಟೆಯ ಬಿಗಿ, ಆಮೇಲೆ ಹಿಮ್ಮಡಿ, ಕೊನೆಗೆ ಬೆರಳು. ಅಂಗಡಿಯಲ್ಲಿ ಈ ಸಾಲು ತಲೆಕೆಳಗಾಗಿರುತ್ತದೆ: ಮಾರುವವರು ಮೊದಲು ಬಡಿದು ತೋರಿಸುವುದೇ ಬೆರಳಿನ ಭಾಗವನ್ನು.

ಬೈಕ್ ಬೂಟಿಗೆಂದೇ ಇರುವ ಯುರೋಪಿನ ಮಾನದಂಡ ಇಎನ್ 13634. ನಾಲಿಗೆಯ ಹಿಂದೆ ಅಥವಾ ಒಳಬದಿಯಲ್ಲಿ ಹೊಲಿದ ಪಟ್ಟಿಯಲ್ಲಿ ಬೈಕ್ ಸವಾರನ ಚಿತ್ರ, ಅದರ ಜೊತೆ 1 ಅಥವಾ 2ರ ನಾಲ್ಕು ಅಂಕಿಗಳಿರುತ್ತವೆ. 2017ರ ಆವೃತ್ತಿಯಲ್ಲಿ ಮೊದಲನೆಯದು ಬೂಟಿನ ಎತ್ತರ, ಎರಡನೆಯದು ರಸ್ತೆಗೆ ಉಜ್ಜಿದಾಗಿನ ತಾಳಿಕೆ, ಮೂರನೆಯದು ಕೊಯ್ತಕ್ಕೆ ತಾಳಿಕೆ, ನಾಲ್ಕನೆಯದು ಅಡ್ಡಕ್ಕೆ ಹಿಚುಕಿದಾಗಿನ ಬಿಗಿ. 2 ಇದ್ದರೆ ಹೆಚ್ಚು. ಐಪಿಎ ಎಂಬ ಅಕ್ಷರಗಳಿದ್ದರೆ ಗಂಟಿನ ರಕ್ಷಣೆಯನ್ನು ಬೇರೆಯಾಗಿ ಪರೀಕ್ಷಿಸಿದ್ದಾರೆ, ಐಪಿಎಸ್ ಇದ್ದರೆ ಕಣಕಾಲಿನ ಮುಂಭಾಗವನ್ನು, ಡಬ್ಲ್ಯುಆರ್ ಇದ್ದರೆ ನೀರು ತಡೆಯುವುದನ್ನು. ಯುರೋಪಿನ ನಿಯಮಕ್ಕೆ ಒಪ್ಪುತ್ತದೆ ಎನ್ನುವ ಬರೀ ಸಿಇ ಗುರುತು ಇದ್ದು 13634 ಎಂಬ ಸಂಖ್ಯೆ ಇಲ್ಲದಿದ್ದರೆ ಅದರಿಂದ ಬೈಕಿನ ಬಗ್ಗೆ ಏನೂ ಗೊತ್ತಾಗುವುದಿಲ್ಲ. ನನ್ನ ಲೆಕ್ಕದಲ್ಲಿ ಕೊನೆಯ ಅಂಕಿ 2 ಮತ್ತು ಐಪಿಎ, ಈ ಎರಡು ಇದ್ದರೆ ಉಳಿದದ್ದರಲ್ಲಿ ಸ್ವಲ್ಪ ಬಿಟ್ಟುಕೊಡಬಹುದು.

ಸೇಫ್ಟಿ ಶೂ ಎದುರು ಗಿಡ್ಡ ರೈಡಿಂಗ್ ಶೂ

ಕೋಲಾರದ ನರಸಾಪುರ, ತುಮಕೂರಿನ ವಸಂತನರಸಾಪುರದ ಕಾರ್ಖಾನೆಗಳಿಗೆ ಬೈಕಿನಲ್ಲಿ ಹೋಗುವವರ ಕಾಲಲ್ಲಿ ಸೇಫ್ಟಿ ಶೂ ಇದ್ದೇ ಇರುತ್ತದೆ. ಸಾವಿರದಿಂದ ಎರಡೂವರೆ ಸಾವಿರಕ್ಕೆ ಸಿಗುತ್ತದೆ. ಭಾರತದ ಮಾನದಂಡ ಐಎಸ್ 15298ರ 2ನೇ ಭಾಗದ ಗುರುತು ಇದ್ದರೆ ಬೆರಳು ಮುಚ್ಚುವ ಅದರ ಗಟ್ಟಿ ಕವಚ (ಟೋ ಕ್ಯಾಪ್) 200 ಜೌಲ್ ಪೆಟ್ಟಿಗೆ ಪರೀಕ್ಷೆಯಾಗಿರುತ್ತದೆ. ಚಪ್ಪಲಿ, ಕ್ಯಾನ್ವಾಸ್ ಶೂಗಿಂತ ಎಷ್ಟೋ ಮೇಲು, ಎಣ್ಣೆ ಚೆಲ್ಲಿದ ಕಡೆ ಅಟ್ಟೆಯ ಹಿಡಿತವೂ ಚೆನ್ನಾಗಿರುತ್ತದೆ. ಬೆರಳಿನ ಮೇಲೆ ಕಬ್ಬಿಣದ ತುಂಡು ಬೀಳುವ ಜಾಗಕ್ಕೆ ಅದು ಸರಿ. ಬೈಕಿನ ಮೇಲೆ ಅದಕ್ಕೆ ಮೂರು ಕೊರತೆ. ಹೆಚ್ಚಿನವು ಗಂಟಿನ ಕೆಳಗೇ ನಿಲ್ಲುತ್ತವೆ. ಅಡ್ಡ ಹಿಚುಕುವಿಕೆಯನ್ನು ಪಾದದ ನಡುಭಾಗದಲ್ಲಿ ತಡೆಯುವುದಕ್ಕೆ ಏನೂ ಇಲ್ಲ. ಟೋ ಕ್ಯಾಪಿನಿಂದಾಗಿ ಮುಂಭಾಗ ಎತ್ತರವಾಗಿದ್ದು ಗೇರ್ ಲಿವರ್ ಕೆಳಗೆ ಸಲೀಸಾಗಿ ನುಗ್ಗುವುದಿಲ್ಲ. ಸ್ಪ್ಲೆಂಡರ್, ಕ್ಲಾಸಿಕ್ ಥರ ಹಿಮ್ಮಡಿಯಿಂದಲೂ ಒತ್ತುವ ಲಿವರ್ ಇದ್ದರೆ ಇದು ಅಷ್ಟು ಕಾಡುವುದಿಲ್ಲ.

ಗಿಡ್ಡ ರೈಡಿಂಗ್ ಶೂ ಐದರಿಂದ ಒಂಬತ್ತು ಸಾವಿರದ ಆಸುಪಾಸು. ಹೊರಗೆ ಸಾಮಾನ್ಯ ಬೂಟಿನಂತೆಯೇ ಕಾಣುತ್ತದೆ. ಗಂಟಿನ ಎರಡೂ ಬದಿಗೆ ಗಟ್ಟಿ ಬಿಲ್ಲೆ, ಹಿಮ್ಮಡಿಗೆ ಬಿಗಿಯಾದ ಬಟ್ಟಲು, ಗೇರ್ ಲಿವರ್ ತಾಗುವ ಕಡೆ ಇನ್ನೊಂದು ಪದರ ಇರುತ್ತವೆ. ಒಂದು ಜೊತೆಯ ತೂಕ ಸುಮಾರು ಒಂದೂವರೆ ಕಿಲೊ. ಅದನ್ನೇ ಹಾಕಿಕೊಂಡು ಕಚೇರಿಯಲ್ಲಿ ಕೂರಬಹುದು, ಆವಲಬೆಟ್ಟದ ಬಂಡೆ ಹತ್ತಬಹುದು, ಭೋಗನಂದೀಶ್ವರನ ಗುಡಿ ಮುಂದೆ ಅರ್ಧ ನಿಮಿಷದಲ್ಲಿ ಬಿಚ್ಚಿಡಬಹುದು. ಈ ಕೊನೆಯದು ನಮ್ಮ ಕಡೆ ಸಣ್ಣ ವಿಷಯವಲ್ಲ. ನಂದಿ, ಕೈವಾರ, ವಿದುರಾಶ್ವತ್ಥ ಎಂದು ಸುತ್ತುವವರು ದಿನಕ್ಕೆ ಮೂರು ನಾಲ್ಕು ಸಲ ಬೂಟು ಬಿಚ್ಚುತ್ತಾರೆ. ಬಿಚ್ಚುವುದು ತೊಡಕು ಅನ್ನಿಸಿದ ಬೂಟು ಮನೆಯಲ್ಲೇ ಉಳಿಯುತ್ತದೆ.

ಇದರ ಮಿತಿ ಎತ್ತರದಲ್ಲಿದೆ. ಬೂಟು ಗಂಟಿನ ತಿರುಚನ್ನು ತಡೆಯುವುದು ಪಾದವನ್ನೂ ಕಣಕಾಲನ್ನೂ ಒಂದಾಗಿ ಹಿಡಿದಿಡುವುದರಿಂದ. ಕಣಕಾಲಿನ ಮೇಲೆ ಹಿಡಿತ ಎಷ್ಟು ಎತ್ತರಕ್ಕೆ ಹೋಗುತ್ತದೋ ಅಷ್ಟು ಬಲ. ಗಂಟಿನಿಂದ ಮೂರು ಬೆರಳು ಮೇಲಕ್ಕೆ ನಿಂತುಬಿಡುವ ಶೂ ಉಜ್ಜುವುದನ್ನು ತಡೆಯುತ್ತದೆ, ತಿರುಚುವುದನ್ನು ಅರೆಬರೆ ಮಾತ್ರ. ಲೇಸಿನ ತುದಿ ಗೇರ್ ಲಿವರಿಗೋ ಕಾಲಿಡುವ ಫುಟ್‌ಪೆಗ್ಗಿಗೋ ಸುತ್ತಿಕೊಂಡರೆ ನಿಲ್ಲುವ ಹೊತ್ತಿಗೆ ಕಾಲು ಕೆಳಗೆ ಬರುವುದೇ ಇಲ್ಲ. ಲೇಸಿನ ಗಂಟನ್ನು ಹೊರಬದಿಗೆ ಹಾಕಿ, ಉಳಿದ ಲೇಸನ್ನು ಅಡ್ಡಪಟ್ಟಿಯ ಕೆಳಗೆ ತುರುಕಬೇಕು. ಆ ಪಟ್ಟಿಯೇ ಇಲ್ಲದ ಲೇಸಿನ ಶೂ ಬೇಡ.

ಟೂರಿಂಗ್ ಎದುರು ಅಡ್ವೆಂಚರ್

ನಿಜವಾದ ಆಯ್ಕೆ ಕಷ್ಟವಾಗುವುದು ಇಲ್ಲಿ. ಟೂರಿಂಗ್ ಬೂಟು ಹತ್ತರಿಂದ ಹದಿನೆಂಟು ಸಾವಿರ, ಒಂದು ಜೊತೆ ಎರಡು–ಎರಡೂವರೆ ಕಿಲೊ, ಪಕ್ಕದಲ್ಲಿ ಜಿಪ್, ಅದರ ಮೇಲೆ ವೆಲ್ಕ್ರೊ ಪಟ್ಟಿ. ಅಡ್ವೆಂಚರ್ ಬೂಟು ದೇಶಿ ಕಂಪನಿಯದಾದರೆ ಹದಿಮೂರು ಹದಿನಾಲ್ಕು ಸಾವಿರದಿಂದ ಶುರು, ಹೊರದೇಶದ್ದಾದರೆ ಅದರ ಎರಡರಷ್ಟು ಮೇಲೆ. ಮೂರು ಕಿಲೊ ಆಸುಪಾಸು ತೂಕ, ಎರಡು ಮೂರು ಬಕಲ್, ಆಳ ಹಲ್ಲಿನ ಅಟ್ಟೆ.

ಹೆದ್ದಾರಿಯಲ್ಲಿ ಕೂತು ಓಡಿಸುವಾಗ ಟೂರಿಂಗ್ ಬೂಟೇ ಮೇಲು. ಮುಂಭಾಗ ತೆಳುವಾಗಿರುವುದರಿಂದ ಗೇರ್ ಬಿದ್ದದ್ದು ಬೆರಳಿಗೆ ಗೊತ್ತಾಗುತ್ತದೆ, ಬ್ರೇಕ್ ಎಷ್ಟು ಒತ್ತಿದೆವೆಂದು ತಿಳಿಯುತ್ತದೆ. ಅಡ್ವೆಂಚರ್ ಬೂಟಿನಲ್ಲಿ ಹಿಂದಿನ ಬ್ರೇಕಿನ ಅಂದಾಜು ಮೊದಮೊದಲು ತಪ್ಪುತ್ತದೆ, ಒತ್ತುವುದು ಹೆಚ್ಚಾಗಿ ಚಕ್ರ ಲಾಕ್ ಆಗಬಹುದು. ಹೊಸ ಬೂಟಿನ ಜೊತೆ ನೇರ ನಂದಿ ಬೆಟ್ಟ ಇಳಿಯುವುದು ಬೇಡ. ಖಾಲಿ ರಸ್ತೆಯಲ್ಲಿ ಅಭ್ಯಾಸವಾಗಲಿ.

ಜಲ್ಲಿ ರಸ್ತೆಯಲ್ಲಿ ಎದ್ದುನಿಂತು ಓಡಿಸುವಾಗ ಮಾತು ತಿರುಗಿಬಿಡುತ್ತದೆ. ಮೈಭಾರವೆಲ್ಲ ಎರಡು ಫುಟ್‌ಪೆಗ್ ಮೇಲೆ ನಿಲ್ಲುವುದರಿಂದ ಅಟ್ಟೆಯೊಳಗಿನ ಗಟ್ಟಿ ಪಟ್ಟಿ ಮೆತ್ತಗಿದ್ದರೆ ಅಂಗಾಲು ಬೇಗ ನೋಯುತ್ತದೆ. ಅಡ್ವೆಂಚರ್ ಬೂಟಿನಲ್ಲಿ ಆ ನೋವಿಲ್ಲ. ಒಕ್ಕಣೆಯ ಹುಲ್ಲಿನ ಮೇಲೆ, ಕೆಸರಿನಲ್ಲಿ ಕಾಲೂರಿದಾಗ ಅದರ ಹಲ್ಲುಗಳು ಕಚ್ಚಿ ಹಿಡಿಯುತ್ತವೆ. ಟೂರಿಂಗ್ ಬೂಟಿನ ಸಪಾಟು ಅಟ್ಟೆ ಅಲ್ಲಿ ಜಾರುತ್ತದೆ. ಬಾಗೇಪಲ್ಲಿ ಕಡೆಯ ಜಾಲಿ ಮುಳ್ಳು ದಪ್ಪ ಅಟ್ಟೆಯನ್ನು ಸುಲಭಕ್ಕೆ ತೂರುವುದಿಲ್ಲ.

ಜಿಪ್ಪೋ ಬಕಲ್ಲೋ? ಕೆಮ್ಮಣ್ಣಿನ ಧೂಳು ಜಿಪ್ಪಿನ ಶತ್ರು. ಧೂಳು ಹಲ್ಲಿನಲ್ಲಿ ಕೂತು, ಮಳೆ ತಾಗಿ ಗಟ್ಟಿಯಾದರೆ ಎಳೆದಾಗ ಜಿಪ್ಪಿನ ರನ್ನರ್ ಕಿತ್ತುಬರುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ಮೇಣದಬತ್ತಿ ಸವರಿದರೆ ಬಹಳ ಕಾಲ ಬರುತ್ತದೆ. ವೆಲ್ಕ್ರೊದಲ್ಲಿ ಸಿಕ್ಕಿದ ಹುಲ್ಲನ್ನು ಬಾಚಣಿಗೆಯಿಂದ ತೆಗೆಯಬೇಕು. ಬಕಲ್‌ಗೆ ಈ ರಗಳೆಗಳಿಲ್ಲ, ಮುರಿದರೆ ಮಾತ್ರ ಅದೇ ಕಂಪನಿಯ ಬಿಡಿಭಾಗವೇ ಬೇಕು. ಕೊಳ್ಳುವ ಮೊದಲೇ ಬಕಲ್ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿ. ಸ್ಕ್ರೂ ಹಾಕಿದ ಬಕಲ್ ಬದಲಾಯಿಸಬಹುದು, ರಿವೆಟ್ ಹೊಡೆದದ್ದು ಕಷ್ಟ.

ಮೋಟೊಕ್ರಾಸ್ ಬೂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಕ್ಷಣೆಯಲ್ಲಿ ಐದರಲ್ಲೂ ಅದೇ ಮೊದಲು. ಆದರೆ ಒಂದು ಜೊತೆ ಮೂರೂವರೆ–ನಾಲ್ಕು ಕಿಲೊ, ನಡೆಯಲು ಬರುವುದಿಲ್ಲ, ನೀರು ತಡೆಯುವುದಿಲ್ಲ, ಒದ್ದೆ ಬಂಡೆ ಮೇಲೆ ಜಾರುತ್ತದೆ. ಗುಡ್ಡದ ಕಚ್ಚಾ ದಾರಿಯಲ್ಲೇ ಓಡಿಸುವವರಿಗೆ ಸರಿ, ಚಿಂತಾಮಣಿಗೆ ಹೋಗಿಬರುವವರಿಗಲ್ಲ.

ಬಿಸಿಲು, ಮಳೆ

ನೀರು ತಡೆಯುವ ತೆಳು ಒಳಪದರ (ಮೆಂಬ್ರೇನ್) ಇರಬೇಕೇ? ಮೆಂಬ್ರೇನ್ ಒಳಗಿನ ಬೆವರಿನ ಆವಿಯನ್ನು ಹೊರಬಿಡುತ್ತದೆ, ಆದರೆ ಗಾಳಿಯನ್ನು ಒಳಬಿಡುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಗೌರಿಬಿದನೂರಿನ ರಸ್ತೆಯಲ್ಲಿ ಇಂಜಿನ್ನಿನ ಬಿಸಿಯೂ ಸೇರಿ ಒಳಗೆ ಕಾಲು ಬೇಯುತ್ತದೆ. ಮಳೆಯಲ್ಲೂ ನೀರು ಹೆಚ್ಚಾಗಿ ಬರುವುದು ಬೂಟನ್ನು ತೂರಿಕೊಂಡಲ್ಲ, ಮೇಲಿನ ಬಾಯಿಯಿಂದ: ಪ್ಯಾಂಟಿನ ಬಟ್ಟೆ ನೀರು ಕುಡಿದು ಕಾಲುಚೀಲಕ್ಕೆ ದಾಟಿಸುತ್ತದೆ. ಒಮ್ಮೆ ಒಳಗೆ ಬಂದ ನೀರನ್ನು ಮೆಂಬ್ರೇನ್ ಹೊರಗೂ ಬಿಡುವುದಿಲ್ಲ, ಅಂಥ ಬೂಟು ಒಣಗಲು ಎರಡು ದಿನವೂ ಹಿಡಿಯಬಹುದು. ನಮ್ಮ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಜಿಲ್ಲೆಗಳಲ್ಲಿ ಮಳೆಯ ದಿನಕ್ಕಿಂತ ಬಿಸಿಲಿನ ದಿನ ಬಹಳ ಹೆಚ್ಚು. ಹಾಗಾಗಿ ಮಲೆನಾಡಿಗೆ ಪದೇಪದೇ ಹೋಗುವವರನ್ನು ಬಿಟ್ಟರೆ ಉಳಿದವರಿಗೆ ಮೆಂಬ್ರೇನ್ ಇಲ್ಲದ, ಗಾಳಿಕಿಂಡಿ ಇರುವ ಬೂಟು, ಮೇಲೆ ಬೂಟಿನ ಹೊರಗಿನಿಂದ ಇಳಿಬಿಡುವ ಮಳೆ ಪ್ಯಾಂಟು ಸಾಕು. ಬೂಟಿನ ಮೇಲೆ ಹಾಕುವ ಪ್ಲಾಸ್ಟಿಕ್ ಕವರಿನ ತಳ ಫುಟ್‌ಪೆಗ್ ಮೇಲೆ ಜಾರುತ್ತದೆ, ಬೇಗ ಹರಿಯುತ್ತದೆ. ರಬ್ಬರ್ ಗಂಬೂಟು ಗದ್ದೆಗೆ ಸರಿ. ಸಡಿಲವಾಗಿರುವ ಆ ಬೂಟು ಬಿದ್ದಾಗ ಕಾಲಿನಲ್ಲಿ ಉಳಿಯುವುದೇ ಇಲ್ಲ.

ಹತ್ತಿ ಕಾಲುಚೀಲ ಬೆವರು ಹಿಡಿದಿಟ್ಟುಕೊಂಡು ಬೊಬ್ಬೆ ತರಿಸುತ್ತದೆ. ಸಿಂಥೆಟಿಕ್ ಅಥವಾ ಉಣ್ಣೆ ಬೆರೆತದ್ದು ಹಾಕಿ, ಬೂಟಿನ ಬಾಯಿಗಿಂತ ಎರಡು ಬೆರಳು ಎತ್ತರ ಇರಲಿ. ಒದ್ದೆ ಬೂಟಿಗೆ ಒಳಅಟ್ಟೆ ತೆಗೆದು ದಿನಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಹಾಳೆ ಬದಲಿಸುತ್ತ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೋ ಒಲೆಯ ಪಕ್ಕಕ್ಕೋ ಇಟ್ಟರೆ ಚರ್ಮ ಸೆಟೆದು ಬಿರಿಯುತ್ತದೆ, ಅಂಟು ಬಿಡುತ್ತದೆ.

ಅಂಗಡಿಯಲ್ಲಿ ನೋಡಬೇಕಾದ್ದು

ಸಂಜೆ ಹೊತ್ತು ಹೋಗಿ, ಆಗ ಪಾದ ತುಸು ಊದಿಕೊಂಡಿರುತ್ತದೆ. ರೈಡಿಂಗ್ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಎರಡೂ ಪಾದ ಅಳೆದು ದೊಡ್ಡದಕ್ಕೆ ಹೊಂದಿಸಬೇಕು. ಬೆರಳ ಮುಂದೆ ಸುಮಾರು 1 ಸೆಂಟಿಮೀಟರ್ ಜಾಗ ಸಾಕು. ಚಿಕ್ಕಂದಿನಿಂದ ಚಪ್ಪಲಿ ಹಾಕಿ ಅಗಲವಾದ ಪಾದಗಳಿಗೆ ಯುರೋಪಿನ ಅಚ್ಚು ಮುಂಭಾಗದಲ್ಲಿ ಬಿಗಿಯಾಗುತ್ತದೆ. ಅಗಲಕ್ಕೆಂದು ಉದ್ದದ ಅಳತೆ ಏರಿಸಿದರೆ ಹಿಮ್ಮಡಿ ಮೇಲೇಳುತ್ತದೆ, ಗಂಟಿನ ಬಿಲ್ಲೆ ತನ್ನ ಜಾಗ ತಪ್ಪುತ್ತದೆ. ಅಗಲ ಅಚ್ಚಿನ ಬೇರೆ ಬೂಟನ್ನೇ ಹುಡುಕಿ.

ಬೂಟನ್ನು ತುದಿ–ಹಿಮ್ಮಡಿ ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ. ಸುಲಭವಾಗಿ ತಿರುಗಿದರೆ ಕೆಳಗಿಡಿ. ಅಟ್ಟೆಯ ಎರಡು ಅಂಚನ್ನು ಅಂಗೈಗಳ ನಡುವೆ ಒತ್ತಿ ನೋಡಿ, ಮಡಚಬಾರದು. ಮೆಟ್ಟಿಲ ಅಂಚಿನ ಮೇಲೆ ಪಾದದ ನಡುಭಾಗ ಇಟ್ಟು ಒಂಟಿ ಕಾಲಲ್ಲಿ ನಿಂತರೆ ಅಂಚು ಅಂಗಾಲಿಗೆ ಒತ್ತಬಾರದು. ಕೊನೆಗೆ ಎಲ್ಲ ಬಿಗಿದು, ಜೊತೆಯಲ್ಲಿದ್ದವರಿಂದ ಹಿಮ್ಮಡಿ ಹಿಡಿದು ಎಳೆಸಿ. ಕೈಯಲ್ಲಿ ಎಳೆದರೆ ಬರುವ ಬೂಟು ರಸ್ತೆಯಲ್ಲೂ ಕಳಚಿಕೊಳ್ಳುತ್ತದೆ.

ಮನೆಗೆ ತಂದ ಮೇಲೆ ಬೂಟಿನ ದಪ್ಪಕ್ಕೆ ತಕ್ಕಂತೆ ಬೈಕನ್ನೂ ಹೊಂದಿಸಬೇಕು. ಗೇರ್ ಶಾಫ್ಟ್ ಮೇಲಿನ ಲಿವರಿನ ಬೋಲ್ಟನ್ನು (ಸಾಮಾನ್ಯವಾಗಿ 10 ನಂಬರ್ ಸ್ಪ್ಯಾನರ್) ಪೂರ್ತಿ ತೆಗೆದು, ಲಿವರ್ ಎಳೆದು ಒಂದು ಹಲ್ಲು ಮೇಲಕ್ಕೆ ಕೂರಿಸಿ. ಲಿವರಿಗೂ ಶಾಫ್ಟಿಗೂ ನಡುವೆ ಲಿಂಕ್ ರಾಡ್ ಇದ್ದರೆ ಎರಡು ತುದಿಯ ಲಾಕ್ ನಟ್ ಸಡಿಲಿಸಿ ರಾಡ್ ತಿರುಗಿಸಿದರಾಯಿತು. ಬ್ರೇಕ್ ಪೆಡಲ್ ಇಳಿಸಿದರೆ ಹಿಂದಿನ ಬ್ರೇಕ್ ದೀಪದ ಸ್ವಿಚ್ ಮತ್ತೆ ಹೊಂದಿಸಿ, ಡ್ರಮ್ ಬ್ರೇಕಾದರೆ ಪೆಡಲಿನ ಸಡಿಲ 20–30 ಮಿಲಿಮೀಟರ್ ಇದೆಯೇ ನೋಡಿ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಆಯ್ಕೆ: ದಿನವೂ ಕೆಲಸಕ್ಕೆ ಹೋಗುವವರಿಗೆ ಐಪಿಎ ಗುರುತಿನ ಗಿಡ್ಡ ಶೂ, ವಾರಾಂತ್ಯದ ಹೆದ್ದಾರಿ ಸವಾರರಿಗೆ ಮೆಂಬ್ರೇನ್ ಇಲ್ಲದ ಟೂರಿಂಗ್ ಬೂಟು, ಹಳ್ಳಿ ರಸ್ತೆಯೇ ಅರ್ಧಕ್ಕಿಂತ ಹೆಚ್ಚು ಅನ್ನುವವರಿಗೆ ಅಡ್ವೆಂಚರ್.

ಸೆಕೆಂಡ್ ಹ್ಯಾಂಡ್ ಬೂಟು ಅಗ್ಗಕ್ಕೆ ಸಿಕ್ಕರೆ ಅಟ್ಟೆಯನ್ನು ಗಮನಿಸಿ. ಪಾಲಿಯುರೆಥೇನ್ ಅಟ್ಟೆ ಹಾಕದೆ ಇಟ್ಟರೂ ಗಾಳಿಯ ತೇವಕ್ಕೆ ವರ್ಷಗಳಲ್ಲಿ ಒಳಗಿಂದಲೇ ಸಡಿಲವಾಗುತ್ತದೆ. ಬಗ್ಗಿಸಿದಾಗ ಸಣ್ಣ ಬಿರುಕು ಕಂಡರೆ, ಉಗುರಿನಿಂದ ಕೆರೆದಾಗ ಪುಡಿ ಉದುರಿದರೆ ಅದನ್ನು ಅಂಟಿನಿಂದಲೋ ಹೊಲಿಗೆಯಿಂದಲೋ ಉಳಿಸಲಾಗದು. ರಬ್ಬರ್ ಅಟ್ಟೆ ಬರೀ ಅಂಚಿನಲ್ಲಿ ಬಿಟ್ಟಿದ್ದರೆ ಚಮ್ಮಾರರು ಹಳೆ ಅಂಟು ಕೆರೆದು, ಹೊಸದು ಹಚ್ಚಿ, ಮೇಣದ ನೈಲಾನ್ ದಾರದಲ್ಲಿ ಸುತ್ತ ಹೊಲಿದುಕೊಡುತ್ತಾರೆ. ಸೂಜಿ ಅಟ್ಟೆಯ ಅಂಚಿನಲ್ಲೇ ಹೋಗಲಿ, ಮೇಲಿನ ಚರ್ಮಕ್ಕೆ ಏರಿದರೆ ಮೆಂಬ್ರೇನ್ ತೂತಾಗುತ್ತದೆ ಎಂದು ಮೊದಲೇ ಹೇಳಿಡಿ. ಫೆವಿಕ್ವಿಕ್ ಬೇಡ, ಅದು ಗಟ್ಟಿಯಾಗಿ ಕೂತು ಮೊದಲ ಬಗ್ಗುವಿಕೆಗೇ ಒಡೆಯುತ್ತದೆ.