ಅಂತಿಮ ವರ್ಷದ ಪ್ರಾಜೆಕ್ಟ್: ಮಾರುಕಟ್ಟೆ ಸಮೀಕ್ಷೆಯೋ, ವಾರ್ಷಿಕ ವರದಿಗಳ ವಿಶ್ಲೇಷಣೆಯೋ?

ಎಂ.ಕಾಂ. ಅಥವಾ ಎಂ.ಬಿ.ಎ. ವಿದ್ಯಾರ್ಥಿಯ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಂತಹ ಸ್ಥಳದಲ್ಲಿ ರೈತರು, ದಲ್ಲಾಲರು ಹಾಗೂ ಖರೀದಿದಾರರನ್ನು ಸಂದರ್ಶಿಸಿ ಬೆಲೆ ನಿರ್ಧಾರದ ಕ್ರಮವನ್ನು ಅಧ್ಯಯನ ಮಾಡುವುದು ಒಂದು. ಇನ್ಫೋಸಿಸ್‌ನಂತಹ ಕಂಪನಿಯ ಹತ್ತು ವರ್ಷಗಳ ವಾರ್ಷಿಕ ವರದಿಗಳಿಂದ ಹಣಕಾಸು ಅನುಪಾತಗಳನ್ನು (ಉದಾಹರಣೆಗೆ, ಸ್ವಂತ ಬಂಡವಾಳಕ್ಕೆ ಹೋಲಿಸಿದರೆ ಸಾಲ ಎಷ್ಟು ಎಂಬುದನ್ನು) ಲೆಕ್ಕಹಾಕುವುದು ಇನ್ನೊಂದು.

ಎರಡನೆಯದು ಸುಲಭವೆಂದು ತೋರುತ್ತದೆ, ಏಕೆಂದರೆ ದತ್ತಾಂಶವೆಲ್ಲ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಆದರೆ ದೊಡ್ಡ ಕಂಪನಿಗಳು 2016ರ ಏಪ್ರಿಲ್‌ನಿಂದ ಹೊಸ ಭಾರತೀಯ ಲೆಕ್ಕಪತ್ರ ಮಾನದಂಡಗಳಿಗೆ ಬದಲಾದವು; 2019ರ ಏಪ್ರಿಲ್‌ನಿಂದ ಕಟ್ಟಡ, ಯಂತ್ರಗಳಂತಹ ಬಹುತೇಕ ಎಲ್ಲ ಗುತ್ತಿಗೆಗಳ (ಲೀಸ್) ಬಾಧ್ಯತೆಗಳೂ ಆಸ್ತಿ-ಹೊಣೆ ಪಟ್ಟಿಗೆ (ಬ್ಯಾಲೆನ್ಸ್ ಶೀಟ್) ಸೇರಿದವು. ಈ ಬದಲಾವಣೆಗಳನ್ನು ಗಮನಿಸದೆ ಹಳೆಯ ಮತ್ತು ಹೊಸ ಅನುಪಾತಗಳನ್ನು ಒಂದೇ ಕೋಷ್ಟಕದಲ್ಲಿಟ್ಟರೆ, ಸಾಲವೇ ಹೆಚ್ಚಾಯಿತೆಂಬ ತಪ್ಪು ತೀರ್ಮಾನಕ್ಕೆ ಬರುವ ಸಾಧ್ಯತೆಯಿದೆ. (ಮೌಖಿಕ ಪರೀಕ್ಷಕರು ಬೆರಳಿಡುವುದು ಬಹುತೇಕ ಇಲ್ಲಿಯೇ.)

ಸಮೀಕ್ಷೆಯಲ್ಲಿ ಶ್ರಮ ಹೆಚ್ಚು, ಮಾದರಿ ಚಿಕ್ಕದು. ಆದರೆ ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿ ಮತ್ತು ಕಡ್ಡಿ ತಳಿಗಳಿಗೆ ಬಣ್ಣ ಹಾಗೂ ತೇವಾಂಶದ ಆಧಾರದಲ್ಲಿ ದರ ಹೇಗೆ ಬೇರೆಯಾಗುತ್ತದೆಂಬುದನ್ನು ಯಾವ ವರದಿಯೂ ಅಷ್ಟು ಸ್ಪಷ್ಟವಾಗಿ ತಿಳಿಸದು. ಸಂಶೋಧನೆಯಲ್ಲಿ ಮುಂದುವರಿಯುವವರಿಗೆ ನನ್ನ ಆಯ್ಕೆ ಇದೇ, ಆದರೆ ಮಾರುಕಟ್ಟೆಗೆ ಮೆಣಸಿನಕಾಯಿಯ ಆವಕ ಹೆಚ್ಚಿರುವ ಜನವರಿಯಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ ಸೆಮಿಸ್ಟರ್ ಬಿಡುವು ಕೊಡುವುದಾದರೆ ಮಾತ್ರ.