ಬದುವಿಗೆ ಅಂಕಿಯಿದೆ, ಜಾಗವಿಲ್ಲ: ಸ್ವಾಟ್ ಮಾದರಿಯ ಏಳು ವರ್ಷಗಳ ಬಳಕೆ

ವಿಜಯಪುರ ಜಿಲ್ಲೆಯ ಡೋಣಿ ಸೀಮೆಯ ಒಂದು ಕಿರು ಜಲಾನಯನದ ಅಧ್ಯಯನಕ್ಕಾಗಿ ಮಳೆ ನೀರು ಮತ್ತು ಮಣ್ಣಿನ ಹರಿವನ್ನು ಲೆಕ್ಕ ಹಾಕುವ ಸ್ವಾಟ್ ಎಂಬ ಕಂಪ್ಯೂಟರ್ ಮಾದರಿಯನ್ನು ಏಳು ವರ್ಷಗಳಿಂದ ಬಳಸುತ್ತಿದ್ದೇನೆ. ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು 1990ರ ದಶಕದ ಆರಂಭದಲ್ಲಿ ಟೆಕ್ಸಾಸ್‌ನಲ್ಲಿ ರೂಪಿಸಿದ ಈ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಬದು, ಚೌಕು ಮಡಿ, ಕೃಷಿ ಹೊಂಡಗಳಾದ ಮೇಲೆ ಹಳ್ಳ ಸೇರುವ ನೀರೂ ಮಣ್ಣೂ ಎಷ್ಟು ಕಡಿಮೆಯಾಗುತ್ತವೆ ಎಂಬುದನ್ನು ಇದು ನಂಬುವಂತೆ ಹೇಳಬಲ್ಲದೇ ಎಂಬುದೊಂದೇ ನನ್ನ ಪ್ರಶ್ನೆಯಾಗಿತ್ತು.

ಮಾದರಿಯು ಬದುವನ್ನು ಬದುವಾಗಿ ಕಾಣುವುದಿಲ್ಲ. ಕರ್ವ್ ನಂಬರ್ (ಇದು ಹೆಚ್ಚಿದಷ್ಟೂ ಹರಿದುಹೋಗುವ ಮಳೆ ನೀರು ಹೆಚ್ಚು), ಇಳಿಜಾರಿನ ಉದ್ದ ಮತ್ತು ಸವಕಳಿ ಸಮೀಕರಣದ ಪಿ ಅಂಶ (ಸಂರಕ್ಷಣಾ ಕ್ರಮಗಳಿಂದ ಸವಕಳಿ ಎಷ್ಟು ತಗ್ಗುತ್ತದೆಂದು ಹೇಳುವುದು) ಎಂಬ ಮೂರು ಅಂಕಿಗಳ ಬದಲಾವಣೆಯಾಗಿ ಕಾಣುತ್ತದೆ. ನೀರು ನಿಧಾನವಾಗಿ ಇಂಗುವ ಎರೆ ಮಣ್ಣಿನಲ್ಲಿ, ಉತ್ತಮ ಸ್ಥಿತಿಯ ಸಾಲು ಬೆಳೆಯನ್ನು ನೇರ ಸಾಲಿನಲ್ಲಿ ಬಿತ್ತಿದ್ದರೆ ಪ್ರಮಾಣಿತ ಪಟ್ಟಿಯ ಕರ್ವ್ ನಂಬರ್ 89. ಇಳಿಜಾರಿಗೆ ಅಡ್ಡಲಾಗಿ ಉತ್ತು ಬಿತ್ತುವ ಸಮಪಾತಳಿ ಬೇಸಾಯದ ಜೊತೆಗೆ ಬದುಗಳೂ ಇದ್ದರೆ 81. ಅಂತರ ಸಣ್ಣದೆಂದು ತೋರಬಹುದು. ಆದರೆ 50 ಮಿ.ಮೀ. ಮಳೆಗೆ ಲೆಕ್ಕ ಹಾಕಿದರೆ ಹರಿದುಹೋಗುವ ನೀರು ಸುಮಾರು 25 ಮಿ.ಮೀ.ಯಿಂದ 15 ಮಿ.ಮೀ.ಗೆ ಇಳಿಯುತ್ತದೆ. ಆದ್ದರಿಂದ ಹೊಲಕ್ಕೆ ಹೋಗದೆ ಮೇಜಿನ ಮೇಲೆಯೇ ಈ ಅಂಕಿಯನ್ನು ಆರಿಸಿಕೊಳ್ಳುವುದು ಅಪಾಯಕರ.

ನನಗೆ ಹೆಚ್ಚು ಕಷ್ಟ ಕೊಟ್ಟದ್ದು ಚೌಕು ಮಡಿ. ಹಿಂಗಾರಿ ಜೋಳದ ಹೊಲಗಳು ಮುಂಗಾರಿನಲ್ಲಿ ಬೀಳು ಬಿದ್ದಿರುತ್ತವೆ. ಜೂನ್–ಜುಲೈನಲ್ಲಿ ಕಟ್ಟಿದ ಮಡಿಗಳು ಬಿದ್ದ ಮಳೆಯನ್ನು ಅಲ್ಲಲ್ಲೇ ಹಿಡಿದು, ಬಿತ್ತನೆಯ ಹೊತ್ತಿಗೆ ಅಳಿಸಿಹೋಗುತ್ತವೆ. ತಂತ್ರಾಂಶದ ಸಂರಕ್ಷಣಾ ಪಟ್ಟಿಯಲ್ಲಿ ಇದಕ್ಕೆ ಹೆಸರಿಲ್ಲ. ಉಳುಮೆ ಮತ್ತು ಬಿತ್ತನೆಯ ದಿನಾಂಕಗಳ ಜೊತೆಯಲ್ಲೇ ಕರ್ವ್ ನಂಬರನ್ನು ಬದಲಿಸಲು ಅವಕಾಶವಿದೆ ಎಂಬುದನ್ನು ಮೂರನೆಯ ವರ್ಷ ಗಮನಿಸಿ, ಜುಲೈನಲ್ಲಿ ಇಳಿಸಿ ಬಿತ್ತನೆಯ ದಿನ ಮತ್ತೆ ಏರಿಸತೊಡಗಿದೆ. ಅಂದಿನಿಂದ ಸೆಪ್ಟೆಂಬರಿನ ದೊಡ್ಡ ಮಳೆಗಳ ಲೆಕ್ಕ ಹಳ್ಳದಲ್ಲಿ ಕಂಡದ್ದಕ್ಕೆ ಹತ್ತಿರ ಬಂದಿದೆ. ಹಿಂಗಾರಿ ಸೀಮೆಯಲ್ಲಿ ಕೆಲಸ ಮಾಡುವವರು ಬೆಳೆ ವೇಳಾಪಟ್ಟಿಯನ್ನು ತಂತ್ರಾಂಶದ ಪಾಲಿಗೆ ಬಿಡದೆ ತಾವೇ ತುಂಬಬೇಕು.

ಕೃಷಿ ಹೊಂಡದ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ಹಳೆಯ ಆವೃತ್ತಿಯಲ್ಲಿ ಒಂದು ಉಪಜಲಾನಯನಕ್ಕೆ ಒಂದೇ ಹೊಂಡ. ಹತ್ತಾರು ರೈತರ ಹೊಂಡಗಳನ್ನು ಕೂಡಿಸಿ ಒಂದಾಗಿ ಬರೆಯಬೇಕಾಗುತ್ತದೆ. ಒಂದೇ ಬಗೆಯ ಬೆಳೆ, ಮಣ್ಣು, ಇಳಿಜಾರುಗಳ ತುಣುಕುಗಳನ್ನು ಆ ಆವೃತ್ತಿ ಒಟ್ಟುಗೂಡಿಸಿ, ಪ್ರತಿ ಗುಂಪಿನ ನೀರನ್ನೂ ನೇರವಾಗಿ ಹಳ್ಳಕ್ಕೆ ಬಿಡುತ್ತದೆ. ಮೇಲಿನ ಹೊಲದ ನೀರು ಕೆಳಗಿನವರ ಬದುವಿಗೆ ಬಂದು ನಿಲ್ಲುವುದು ನಮ್ಮ ಊರುಗಳ ನಿತ್ಯದ ಸಂಗತಿ, ಎಷ್ಟೋ ಜಗಳಗಳ ಮೂಲವೂ ಹೌದು. ಅದು ಈ ಲೆಕ್ಕದೊಳಗೆ ಬರುವುದೇ ಇಲ್ಲ. ಹೊಸ ಸ್ವಾಟ್ ಪ್ಲಸ್‌ನಲ್ಲಿ ಒಂದು ಘಟಕದ ನೀರನ್ನು ಇನ್ನೊಂದಕ್ಕೆ ಹರಿಸಬಹುದಾದ್ದರಿಂದ ಈಗ ಅದಕ್ಕೆ ಬದಲಾಗುತ್ತಿದ್ದೇನೆ.

ಹೊಸಬರು ಒಂದು ತಪ್ಪನ್ನು ತಪ್ಪಿಸಬೇಕು. ಬದುಗಳಾದ ನಂತರ ಅಳೆದ ಹರಿವಿಗೆ ಮಾದರಿಯನ್ನು ಹೊಂದಿಸಿ, ಆಮೇಲೆ ಬದುವಿನ ಹೆಸರಿನಲ್ಲಿ ಕರ್ವ್ ನಂಬರನ್ನು ಮತ್ತೊಮ್ಮೆ ಇಳಿಸಿದರೆ ಒಂದೇ ಲಾಭವನ್ನು ಎರಡು ಸಲ ಎಣಿಸಿದಂತೆ. ನನ್ನ ಮೊದಲ ವರದಿಯಲ್ಲಿ ಹಾಗೆಯೇ ಆಗಿತ್ತು, ಅದನ್ನು ಹಿಂಪಡೆದು ತಿದ್ದಿದೆ.

ಎರೆ ಭೂಮಿಯ ಬದು ಬಿರುಕು ಬಿಡುತ್ತದೆ, ಮೇಲ್ಬದಿಯಲ್ಲಿ ನೀರು ನಿಂತು ಬೆಳೆ ಕೊಳೆತರೆ ರೈತರೇ ಒಡೆದು ಬಿಡುತ್ತಾರೆ. ಮಾದರಿಯಲ್ಲಿ ಮಾತ್ರ, ನಾವು ಬದಲಿಸುವವರೆಗೆ, ಅದು ಕಟ್ಟಿದ ದಿನದಂತೆಯೇ ಇರುತ್ತದೆ. ಅದಕ್ಕಾಗಿ ಪ್ರತಿ ವರ್ಷ ಮಳೆಗಾಲ ಮುಗಿದೊಡನೆ ಹೊಲಗಳನ್ನು ಸುತ್ತಿ, ಒಡೆದ ಬದುಗಳನ್ನು ಗುರುತಿಸಿಕೊಂಡು ಬಂದು, ಆ ಹೊಲಗಳ ಅಂಕಿಗಳನ್ನು ಕೈಯಾರೆ ಬದಲಿಸುತ್ತೇನೆ.